ದಯವಿಟ್ಟು ಅಲ್ಲಿ ಗಿಡ ನೆಡಬೇಡಿ ಸ್ವಾಮೀ!

ಮೇ ತಿಂಗಳು ಮುಗಿಯುತ್ತಾ ಬಂತು ಅಂದ್ರೆ ನಮ್ಮ ಸಾಫ್ಟ್‌ವೇರ್ ಮಂದಿಗೆ ಎರಡು ಕಾಯಿಲೆ ಶುರುವಾಗುತ್ತೆ. ಒಂದು, ಅಪ್ರೈಸಲ್ ಪತ್ರ ಕೈಗೆ ಬಂದಮೇಲಿನ ಹೊಟ್ಟೆನೋವು. ಇನ್ನೊಂದು, ಜೂನ್ 5ರ ವಿಶ್ವ ಪರಿಸರ ದಿನಕ್ಕೆ ಊರಾಚೆ ಎಲ್ಲಾದರೂ ಹೋಗಿ ಗಿಡ ನೆಟ್ಟು ಬರುವ ಹುಚ್ಚು. ಮೊದಲನೆಯದಕ್ಕೆ ಮದ್ದಿಲ್ಲ, ಬಿಡಿ :-) ಎರಡನೆಯದರ ಬಗ್ಗೆ ಮಾತ್ರ ಈ ಸಲ ಜಗಳ ಕಾಯಲೇಬೇಕು ಅಂತ ಕೂತಿದ್ದೀನಿ.

ಗಿಡ ನೆಡೋದು ಕೆಟ್ಟದ್ದು ಅಂತ ನಾನು ಹೇಳ್ತಾ ಇಲ್ಲ. ನೆಡಿ. ನಿಮ್ಮ ಬೀದಿಯಲ್ಲಿ ನೆಡಿ, ರಸ್ತೆ ಅಗಲ ಮಾಡ್ತೀವಿ ಅಂತ ಮರ ಉರುಳಿಸಿದ ಕಡೆ ನೆಡಿ, ಊರಲ್ಲಿ ಅಪ್ಪನ ಹೊಲದ ಬದುವಿನ ಮೇಲೆ ನೆಡಿ. ನನ್ನ ತಕರಾರು ಒಂದೇ. ಹುಲ್ಲುಗಾವಲನ್ನು "ಖಾಲಿ ಜಾಗ" ಅಂತ ಕರೆದು ಅಲ್ಲಿ ಗುಂಡಿ ತೋಡಬೇಡಿ. ಅದು ಕಾಡು ಬೆಳೆಸಿದ ಹಾಗಲ್ಲ. ಇರುವ ಒಂದು ಊರನ್ನು ಕೆಡವಿ ಅದರ ಮೇಲೆ ಇನ್ನೊಂದು ಊರು ಕಟ್ಟಿದ ಹಾಗೆ.

ಈ ವರ್ಷದ ಮೆಯಿಲು ಹೀಗಿತ್ತು: "ನಗರದ ಹೊರವಲಯದಲ್ಲಿ ಖಾಲಿ ಬಿದ್ದಿರುವ ಬರಡು ಭೂಮಿಯನ್ನು ಹಸಿರು ಮಾಡೋಣ ಬನ್ನಿ. ಟೀ ಶರ್ಟು, ಟೋಪಿ, ಬೆಳಗಿನ ತಿಂಡಿ ವ್ಯವಸ್ಥೆ ಇದೆ." ಜೊತೆಗೆ ಜಾಗದ ಫೋಟೋ. ಮೊಣಕಾಲುದ್ದ ಒಣ ಹುಲ್ಲು, ಅಲ್ಲೊಂದು ಇಲ್ಲೊಂದು ಕುರುಚಲು ಗಿಡ, ದೂರದಲ್ಲಿ ನಾಲ್ಕು ದನ. ಫೋಟೋ ದೊಡ್ಡದು ಮಾಡಿ ನೋಡಿದರೆ ಮೂಲೆಯಲ್ಲಿ ಒಂದು ಟಿಟ್ಟಿಭ ಹಕ್ಕಿ ನಿಂತಿದೆ! ಖಾಲಿ ಅನ್ನೋದಕ್ಕೆ ಕೊಟ್ಟ ಸಾಕ್ಷಿಯೊಳಗೇ ಒಬ್ಬ ನಿವಾಸಿ ಇದ್ದಾನೆ. ಅದನ್ನೇ ಬರೆದು ಎಲ್ಲರಿಗೂ ಉತ್ತರ ಕಳಿಸಿದೆ. ಪಕ್ಕದ ಸೀಟಿನ ಗೆಳೆಯ ಕುರ್ಚಿ ತಿರುಗಿಸಿ ಕೇಳಿದ, "ಗುರೂ, ಏನೂ ಇಲ್ದೇ ಇರೋ ಕಡೆ ನಾಲ್ಕು ಗಿಡ ನೆಟ್ರೆ ನಿಂಗೇನ್ ಕಷ್ಟ?"

ಏನೂ ಇಲ್ದೇ ಇರೋ ಕಡೆ! ಜಗಳ ಇರೋದೇ ಈ ನಾಲ್ಕು ಪದಗಳ ಮೇಲೆ.

ಹುಲ್ಲುಗಾವಲಲ್ಲಿ ಏನಿದೆ ಅಂತ ನೋಡಬೇಕಾದರೆ ಬೇಸಿಗೆಯಲ್ಲೇ ಹೋಗಬೇಕು. ಚಳಿಗಾಲದಲ್ಲಿ ಎಲ್ಲರೂ ಹೋಗ್ತಾರೆ. ಆಗ ಹ್ಯಾರಿಯರ್ ಗಿಡುಗಗಳು ಸಾವಿರಾರು ಕಿಲೋಮೀಟರ್ ಹಾರಿ ಬಂದಿರುತ್ತವೆ, ಅವುಗಳ ಹಿಂದೆ ಮಾರುದ್ದದ ಲೆನ್ಸುಗಳೂ ಬಂದಿರುತ್ತವೆ. ಏಪ್ರಿಲ್ ಹೊತ್ತಿಗೆ ಅತಿಥಿಗಳೆಲ್ಲ ವಾಪಸ್. ಆಮೇಲೆ ಉಳಿಯೋದು ಮನೆಯವರು ಮಾತ್ರ. ಮನೆಯವರು ಮೊಟ್ಟೆ ಇಡೋದು, ಮರಿ ಮಾಡೋದು ಬಹುಪಾಲು ಈ ಬಿಸಿಲಲ್ಲೇ.

ಹೆಸರಘಟ್ಟವನ್ನೇ ತಗೊಳ್ಳಿ. ಮೆಜೆಸ್ಟಿಕ್‌ನಿಂದ ಸುಮಾರು 30 ಕಿಲೋಮೀಟರ್. ಅರ್ಕಾವತಿಗೆ ಅಡ್ಡಲಾಗಿ ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1894ರಲ್ಲಿ ಆದ ಕೆರೆ ಅದು. ಬೆಂಗಳೂರಿಗೆ ಕೊಳಾಯಿ ನೀರು ಮೊದಲು ಬಂದದ್ದು ಅಲ್ಲಿಂದ. ಕೆರೆಯ ಸುತ್ತಮುತ್ತ ಹರಡಿಕೊಂಡಿರುವ ಹುಲ್ಲುಗಾವಲು ಬೆಂಗಳೂರಿನ ಮಗ್ಗುಲಲ್ಲಿ ಉಳಿದುಕೊಂಡಿರುವ ದೊಡ್ಡ ಬಯಲು. ಏಪ್ರಿಲ್ ಕೊನೆಯಲ್ಲಿ, ಮೊದಲ ಎರಡು ಮಳೆ ಬಿದ್ದ ಮೇಲೆ, ಬೆಳಗ್ಗೆ ಆರಕ್ಕೆ ಅಲ್ಲಿ ಕಾಲಿಟ್ಟರೆ ಮೊದಲು ಕೇಳೋದು ಗೌಜಲಹಕ್ಕಿಯ ಕೂಗು. ಹುಲ್ಲಿನೊಳಗೆ ಎಲ್ಲೋ ಕೂತು ಇಡೀ ಬಯಲಿಗೆ ಕೇಳೋ ಹಾಗೆ ಅರಚುತ್ತೆ, ಕಣ್ಣಿಗೆ ಮಾತ್ರ ಬೀಳಲ್ಲ. ಎರಡು ಹೆಜ್ಜೆ ಮುಂದೆ ಹೋದರೆ ಕಾಲಬುಡದಿಂದ ಲಾವಕ್ಕಿ ಭರ್ರನೆ ಎದ್ದು ಎದೆ ಝಲ್ಲೆನಿಸುತ್ತೆ.

ಆಮೇಲೆ ನೆಲಗುಬ್ಬಿ. ಹೆಸರಿಗೆ ತಕ್ಕ ಹಾಗೆ ನೆಲದ ಮೇಲೇ ಬದುಕು. ಹೆಣ್ಣು ಮಣ್ಣಿನದೇ ಬಣ್ಣ. ಗಂಡಿಗೆ ಬೂದು ನೆತ್ತಿ, ಕಪ್ಪು ಹೊಟ್ಟೆ. ಈ ಕಾಲದಲ್ಲಿ ಗಂಡು ಸೀದಾ ಆಕಾಶಕ್ಕೆ ಏರಿ, ರೆಕ್ಕೆ ಮಡಚಿ ಉದ್ದಕ್ಕೆ ಸಿಳ್ಳೆ ಹಾಕುತ್ತಾ ಬೀಳುತ್ತೆ. ಬಿದ್ದೇ ಹೋಯ್ತು ಅನ್ನುವಷ್ಟರಲ್ಲಿ ಮತ್ತೆ ಮೇಲಕ್ಕೆ. ಕೂತು ಹಾಡಲು ಮರ ಇಲ್ಲದ ನಾಡಲ್ಲಿ ಹಾಡಬೇಕಾದರೆ ಆಕಾಶವೇ ವೇದಿಕೆ, ಅಷ್ಟೆ. ಸ್ಕೈಲಾರ್ಕ್ ಕೂಡ ಹಾಗೇ. ಇಂಗ್ಲಿಷ್ ಪಾಠದಲ್ಲಿ ಶೆಲ್ಲಿಯ ಸ್ಕೈಲಾರ್ಕ್ ಪದ್ಯ ಓದಿ ಸಾರಾಂಶ ಬರೆದು ಮಾರ್ಕ್ಸ್ ತಗೊಂಡವರು ನಮ್ಮಲ್ಲಿ ಎಷ್ಟೋ ಜನ ಇದ್ದೀರಿ. ಅದರ ಹತ್ತಿರದ ದಾಯಾದಿ, ಅದೇ ಅಲೌಡಾ ಕುಲದ ಹಕ್ಕಿ, ಮೆಜೆಸ್ಟಿಕ್‌ನಿಂದ ಬಿಎಂಟಿಸಿ ದೂರದಲ್ಲಿ ತಲೆ ಮೇಲೆ ನಿಂತು ಹಾಡ್ತಾ ಇದೆ. ನಾವು ಆ ಜಾಗಕ್ಕೆ "ಬರಡು" ಅಂತ ಹೆಸರಿಟ್ಟು ಮೆಯಿಲು ಕಳಿಸ್ತಾ ಇದ್ದೀವಿ.

ಟಿಟ್ಟಿಭದ ಕಥೆ ಇನ್ನೂ ಚೆನ್ನಾಗಿದೆ. ಗೂಡು ಅಂದ್ರೆ ನೆಲದಲ್ಲಿ ಒಂದು ಸಣ್ಣ ತಗ್ಗು, ಸುತ್ತ ನಾಲ್ಕು ಕಲ್ಲು. ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆ. ಮಣ್ಣಿನ ಬಣ್ಣದ ಮೇಲೆ ಕಪ್ಪು ಮಚ್ಚೆ, ಎದುರಿಗಿದ್ದರೂ ಕಾಣಲ್ಲ. ಮೇ ತಿಂಗಳ ಮಧ್ಯಾಹ್ನ ಆ ನೆಲ ಕಾದ ಹೆಂಚು. ತಾಯಿತಂದೆಗಳು ಏನು ಮಾಡ್ತಾವೆ ಗೊತ್ತಾ? ನೀರಿರುವ ಕಡೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆ ಮೇಲೆ ಕೂರುತ್ತವೆ. ಒದ್ದೆ ಬಟ್ಟೆ ಸುತ್ತಿ ಮಡಕೆ ತಂಪು ಮಾಡಿದ ಹಾಗೆ! ಎಮ್ಮೆ ಹತ್ತಿರ ಬಂದರೂ ಮುಖದ ಮುಂದೆ ರೆಕ್ಕೆ ಹರಡಿ ಕೂಗಾಡಿ ದಾರಿ ಬದಲಿಸುತ್ತವೆ. ಇಷ್ಟೆಲ್ಲ ಸಾಧ್ಯ ಆಗೋದು ಒಂದೇ ಕಾರಣಕ್ಕೆ, ಸುತ್ತ ಎಲ್ಲ ಕಾಣುತ್ತೆ. ನೆಲದಲ್ಲಿ ಮೊಟ್ಟೆ ಇಡುವ ಹಕ್ಕಿಗೆ ಗೋಡೆ, ಬಾಗಿಲು, ಬೀಗ ಎಲ್ಲವೂ ದೂರದವರೆಗೆ ಕಾಣುವ ನೋಟವೇ. ಅಲ್ಲಿ ಸಾಲಾಗಿ ಮರ ನೆಟ್ಟರೆ ಆ ನೋಟ ಹೋಯ್ತು. ಅಷ್ಟೇ ಅಲ್ಲ, ಮೊಟ್ಟೆ ಕದಿಯುವ ಕಾಗೆಗೆ ಕೂತು ನೋಡಲು ನಾವೇ ಅಟ್ಟಣಿಗೆ ಕಟ್ಟಿಕೊಟ್ಟ ಹಾಗಾಯ್ತು.

ಬಿಸಿಲು ಏರಿದ ಮೇಲೆ ಹಕ್ಕಿಗಳು ಸುಮ್ಮನಾದಾಗ ಚಿಟ್ಟೆಗಳ ಪಾಳಿ. ಒಂಬತ್ತೂವರೆ ಮೇಲೆ ಎಕ್ಕದ ಗಿಡದ ಹತ್ತಿರ ಸುಮ್ಮನೆ ನಿಂತುಕೊಳ್ಳಿ. ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಚಿಟ್ಟೆ ಅದರ ಎಲೆ ಮೇಲೆ ಮೊಟ್ಟೆ ಇಡ್ತಾ ಇರುತ್ತೆ. ಮರಿಹುಳ ಎಕ್ಕದ ಹಾಲಿನ ವಿಷವನ್ನು ಮೈಯಲ್ಲಿ ಇಟ್ಟುಕೊಂಡೇ ಬೆಳೆಯುತ್ತೆ, ಅದಕ್ಕೇ ಹಕ್ಕಿಗಳು ಆ ಚಿಟ್ಟೆಯ ತಂಟೆಗೆ ಹೋಗಲ್ಲ. ಅದೇ ಬಯಲಲ್ಲಿ ಡ್ಯಾನೈಡ್ ಎಗ್‌ಫ್ಲೈ ಅಂತ ಇನ್ನೊಂದು ಚಿಟ್ಟೆ ಇದೆ. ಅದಕ್ಕೆ ವಿಷ ಇಲ್ಲ, ಆದರೆ ಅದರ ಹೆಣ್ಣು ಥೇಟ್ ಪ್ಲೇನ್ ಟೈಗರ್ ವೇಷ ಹಾಕಿಕೊಂಡು ಓಡಾಡುತ್ತೆ. ಅದರ ಮರಿಹುಳದ ಊಟ ಯಾವುದು ಅಂತೀರಿ? ಗೋಣಿಸೊಪ್ಪು! ನಮ್ಮಜ್ಜಿ ಸಾರು ಮಾಡುತ್ತಿದ್ದ ಸೊಪ್ಪು. ತಂಗಡಿ ಗಿಡದಲ್ಲಿ ಎಮಿಗ್ರಂಟ್ ಚಿಟ್ಟೆಗಳು. ಬರಿ ನೆಲದ ಮೇಲೆ ನನ್ನ ಜಾಗ ಇದು ಅಂತ ಬಂದವರನ್ನೆಲ್ಲ ಅಟ್ಟಿಸಿಕೊಂಡು ಹೋಗುವ ನೀಲಿ ಪ್ಯಾನ್ಸಿ. ಎರಡು ಸೆಂಟಿಮೀಟರೂ ಇಲ್ಲದ ಗ್ರಾಸ್ ಜ್ಯುವೆಲ್, ನಮ್ಮ ದೇಶದ ಅತಿ ಸಣ್ಣ ಚಿಟ್ಟೆಗಳಲ್ಲಿ ಒಂದು. ಅದನ್ನು ನೋಡಬೇಕಾದರೆ ಮಂಡಿಯೂರಲೇಬೇಕು. ಕೆಲವು ಚಿಟ್ಟೆಗಳಿಗೆ ಬೇಸಿಗೆಗೆ ಒಂದು ಅಂಗಿ, ಮಳೆಗಾಲಕ್ಕೆ ಇನ್ನೊಂದು ಅಂಗಿ. ಬೇಸಿಗೆಯ ಅಂಗಿ ಒಣಗಿದ ಎಲೆಯ ಬಣ್ಣದ್ದು. ಒಣ ಹುಲ್ಲು "ಸತ್ತ" ಹುಲ್ಲಲ್ಲ ಅಂತ ಚಿಟ್ಟೆಗೆ ಗೊತ್ತಿದೆ, ನಮಗೆ ಗೊತ್ತಿಲ್ಲ.

ಎಕ್ಕ, ತಂಗಡಿ, ಗೋಣಿಸೊಪ್ಪು, ಹೆಸರೇ ಗೊತ್ತಿಲ್ಲದ ಹತ್ತಾರು ನೆಲಗಳೆ. ಗಿಡ ನೆಡುವ ಕಾಂಟ್ರಾಕ್ಟರು ಜೆಸಿಬಿ ತಂದು ಮೊದಲು "ಕ್ಲೀನ್" ಮಾಡೋದು ಇವನ್ನೇ.

ಅಲ್ಲಿ ದನ ಕಾಯುತ್ತಿದ್ದ ತಾತ ಒಬ್ಬರನ್ನು ಮಾತಾಡಿಸಿದೆ. "ಹಕ್ಕಿ ನೋಡಕ್ ಬಂದ್ರಾ?" ಅಂದ್ರು. ಹೌದು ತಾತ ಅಂದೆ. "ಗಿಡ ಇಡೋರು ಬರ್ತಾರೆ, ಇಟ್ಟು ಹೋಯ್ತಾರೆ. ನೀರ್ ಹುಯ್ಯಕ್ ಯಾರೂ ಬರಾಕಿಲ್ಲ. ಗಿಡ ಒಣಗೋಯ್ತದೆ, ಗುಂಡಿ ಉಳ್ಕೊತದೆ. ನಮ್ ಕರ ಕಾಲ್ ಇಕ್ಕಿ ಬೀಳ್ತವೆ" ಅಂದ್ರು. ಅವರಿಗೆ ಪರಿಸರ ವಿಜ್ಞಾನ ಗೊತ್ತಿಲ್ಲ ಅಂತ ನೀವು ಅನ್ನಬಹುದು. ಆದರೆ ಆ ಜಾಗ ಖಾಲಿ ಅಲ್ಲ ಅನ್ನೋದು ನಮ್ಮ ಆಫೀಸಿನಲ್ಲಿ ಮೆಯಿಲು ಬರೆದವರಿಗಿಂತ ಅವರಿಗೆ ಚೆನ್ನಾಗಿ ಗೊತ್ತಿದೆ.

ಹಾಗಾದರೆ ಈ "ಖಾಲಿ" ಎಲ್ಲಿಂದ ಬಂತು?

ಬ್ರಿಟಿಷರ ಕಾಲದ ಕಂದಾಯ ಲೆಕ್ಕದಲ್ಲಿ "ವೇಸ್ಟ್" ಅಂದ್ರೆ ಕಂದಾಯ ಬಾರದ ಭೂಮಿ. ಅಲ್ಲಿ ಏನು ಬೆಳೆಯುತ್ತೆ, ಯಾರು ಬದುಕುತ್ತಾರೆ ಅನ್ನೋ ಪ್ರಶ್ನೆಯೇ ಇಲ್ಲ. ದುಡ್ಡು ಬರಲ್ಲ, ಆದ್ದರಿಂದ ವೇಸ್ಟು. ನಮ್ಮ ಪಹಣಿಯಲ್ಲಿ ಇವತ್ತಿಗೂ "ಖರಾಬು" ಅನ್ನೋ ಕಾಲಂ ಇದೆ ನೋಡಿ. ಡೇಟಾಬೇಸ್ ಕೆಲಸ ಮಾಡುವವರಿಗೆ ಇದು ಅರ್ಥ ಆಗುತ್ತೆ. ಯಾವ ಕಾಲಂಗೂ ಹೊಂದದ್ದಕ್ಕೆ ಒಂದು ಡೀಫಾಲ್ಟ್ ವ್ಯಾಲ್ಯೂ ಹಾಕಿಬಿಡ್ತೀವಲ್ಲ, ಹಾಗೆ ಇದು. ತೊಂದರೆ ಏನಂದ್ರೆ, ಯಾರೋ ಸೋಮಾರಿತನಕ್ಕೆ ಹಾಕಿದ ಡೀಫಾಲ್ಟನ್ನು ಮುಂದೆ ಬಂದವರು ಸತ್ಯ ಅಂದುಕೊಂಡು ರಿಪೋರ್ಟ್ ತೆಗೀತಾರೆ.

ರಿಪೋರ್ಟೂ ಇದೆ! ಕೇಂದ್ರ ಸರ್ಕಾರವೇ "ವೇಸ್ಟ್‌ಲ್ಯಾಂಡ್ಸ್ ಅಟ್ಲಾಸ್" ಅಂತ ಪ್ರಕಟಿಸುತ್ತೆ. 2019ರ ಆವೃತ್ತಿಯ ಪ್ರಕಾರ ದೇಶದ ಸುಮಾರು 5.57 ಕೋಟಿ ಹೆಕ್ಟೇರ್, ಅಂದ್ರೆ ಹೆಚ್ಚುಕಡಿಮೆ ನೂರಕ್ಕೆ ಹದಿನೇಳು ಭಾಗ, "ಪಾಳು". ಅದರಲ್ಲಿ ಹಿಮ ಮುಚ್ಚಿದ ಬೆಟ್ಟ, ಮರಳುಗಾಡು, ಕುರುಚಲು ಬಯಲು, ಹುಲ್ಲುಗಾವಲು ಎಲ್ಲವೂ ಒಂದೇ ಚೀಲದಲ್ಲಿ. ಇನ್ನೊಂದು ಕಡೆ ಅರಣ್ಯ ಸಮೀಕ್ಷೆಯವರ ಲೆಕ್ಕ. ಒಂದು ಹೆಕ್ಟೇರಿಗಿಂತ ದೊಡ್ಡ ಜಾಗದಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಮರದ ನೆರಳಿದ್ದರೆ ಅದು ಅರಣ್ಯ ಹೊದಿಕೆ. ಯಾವ ಮರ, ಯಾರ ಮರ ಅಂತ ಕೇಳಲ್ಲ. ನೀಲಗಿರಿ ತೋಪೂ ಕಾಡೇ, ಕಾಫಿ ತೋಟವೂ ಕಾಡೇ. ನೆಲಗುಬ್ಬಿ, ಟಿಟ್ಟಿಭ, ಗೌಜಲಹಕ್ಕಿ ಇರುವ ಬಯಲು ಮಾತ್ರ ಸೊನ್ನೆ. ಈ ಲೆಕ್ಕದಲ್ಲಿ ಅಧಿಕಾರಿ ಒಬ್ಬ ಒಳ್ಳೆಯ ಅಂಕ ತಗೋಬೇಕಾದರೆ ಏನು ಮಾಡಬೇಕು ಹೇಳಿ? ಬಯಲಿಗೆ ಗಿಡ ನೆಡಬೇಕು. ಮೋಸ ಮಾಡುವುದೇ ಬೇಡ, ಲೆಕ್ಕವೇ ಅವನನ್ನು ಅಲ್ಲಿಗೆ ತಳ್ಳುತ್ತೆ.

ಕನ್ನಡಕ್ಕೆ ಇಂಥ ಬಡತನ ಇರಲಿಲ್ಲ. ನಮ್ಮಲ್ಲಿ ಗೋಮಾಳ ಇತ್ತು, ಕಾವಲು ಇತ್ತು, ಬೀಳು ಇತ್ತು, ಬಯಲು ಇತ್ತು, ಎರೆ ಇತ್ತು. ಒಂದೊಂದಕ್ಕೂ ಒಂದೊಂದು ಅರ್ಥ. ಕಾವಲು ಅಂದ್ರೆ ಕಾಯ್ದುಕೊಂಡ ಹುಲ್ಲು. ಚಿಕ್ಕದೇವರಾಜ ಒಡೆಯರ ಕಾಲದ "ಬೆಣ್ಣೆ ಚಾವಡಿ"ಯೇ ಟಿಪ್ಪುವಿನ ಕಾಲದಲ್ಲಿ "ಅಮೃತ ಮಹಲ್" ಆಯ್ತು. ಆ ದನಗಳಿಗಾಗಿ ಚಿತ್ರದುರ್ಗ, ತುಮಕೂರು, ಹಾಸನ, ಚಿಕ್ಕಮಗಳೂರು ಸೀಮೆಯಲ್ಲಿ ಲಕ್ಷಾಂತರ ಎಕರೆ ಕಾವಲುಗಳನ್ನು ಮೀಸಲಿಟ್ಟಿದ್ದರು. ಹುಲ್ಲು ಅಂದ್ರೆ ಆಗ ಆಸ್ತಿ. ಸೈನ್ಯದ ತೋಪು ಎಳೆಯುವ ಎತ್ತು ಅಲ್ಲಿ ಮೇಯುತ್ತಿತ್ತು. ಈಗ? ಕನಕಪುರ ರಸ್ತೆ ಕಡೆ ಅಪಾರ್ಟ್‌ಮೆಂಟ್ ತಗೊಂಡವರು ನಿಮ್ಮ ಕ್ರಯಪತ್ರ ತೆಗೆದು ನೋಡಿ. ಉತ್ತರಹಳ್ಳಿ ಮನವರ್ತೆ ಕಾವಲು ಅಂತೆಲ್ಲ ಇರುತ್ತೆ. ಹುಲ್ಲು ಹೋಗಿದೆ, ಕಾವಲು ಅನ್ನೋ ಪದ ಸ್ಟಾಂಪ್ ಪೇಪರಿನಲ್ಲಿ ಉಳಿದಿದೆ. ಚಳ್ಳಕೆರೆಯ ಕಾವಲುಗಳಲ್ಲಿ 2010ರ ಆಸುಪಾಸಿನಲ್ಲಿ ಸುಮಾರು ಹತ್ತು ಸಾವಿರ ಎಕರೆಯನ್ನು ರಕ್ಷಣಾ, ಅಣು, ಬಾಹ್ಯಾಕಾಶ ಸಂಶೋಧನೆಯ ಸಂಸ್ಥೆಗಳಿಗೆ ಹಂಚಿದರು. ವಿಜ್ಞಾನಕ್ಕೆ ನಾನು ವಿರೋಧಿಯಲ್ಲ ಮಾರಾಯ್ರೇ. ಆದರೆ ಅಷ್ಟು ದೊಡ್ಡ ಮಳೆಕಾಡನ್ನು ಹಾಗೆ ಹಂಚಿದ್ದರೆ ಬೆಂಗಳೂರು ಸುಮ್ಮನಿರುತ್ತಿತ್ತಾ? ನಮ್ಮ ಬ್ಲಾಗುಗಳು ಸುಮ್ಮನಿರುತ್ತಿದ್ದವಾ? ಹುಲ್ಲು ತಾನೇ, ಹೋದರೆ ಹೋಗಲಿ.

ಗಿಡ ನೆಟ್ಟು ಬಯಲನ್ನು ಹಾಳು ಮಾಡೋದು ಹೇಗೆ ಅನ್ನೋದಕ್ಕೆ ಪಾಠ ಬೇಕಾದರೆ ರಾಣೆಬೆನ್ನೂರಿಗೆ ಹೋಗಿ. 1974ರಲ್ಲಿ ಕೃಷ್ಣಮೃಗಗಳಿಗಾಗಿ ಘೋಷಿಸಿದ ಅಭಯಾರಣ್ಯ, 119 ಚದರ ಕಿಲೋಮೀಟರ್. ಅದರ ಹೆಚ್ಚಿನ ಪಾಲು ನೀಲಗಿರಿ ನೆಡುತೋಪು! ಬಯಲಲ್ಲಿ ಓಡಿಯೇ ಜೀವ ಉಳಿಸಿಕೊಳ್ಳುವ ಪ್ರಾಣಿಯ ಹೆಸರಲ್ಲಿ ಸಾಲು ಸಾಲು ಮರ. ಅಲ್ಲೊಂದು ಕಾಲಕ್ಕೆ ಎರೆಭೂತ ಕಾಣುತ್ತಿತ್ತು. ದೊರೆವಾಯನ ಹಕ್ಕಿ ಅಂತಲೂ ಕರೀತಾರೆ, ಇಂಗ್ಲಿಷಿನ ಗ್ರೇಟ್ ಇಂಡಿಯನ್ ಬಸ್ಟರ್ಡ್. ಸಲೀಂ ಅಲಿ ಇದನ್ನೇ ರಾಷ್ಟ್ರಪಕ್ಷಿ ಮಾಡಿ ಅಂದಿದ್ದರು, 1963ರಲ್ಲಿ ನವಿಲಿಗೆ ಆ ಪಟ್ಟ ಹೋಯ್ತು. ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುವ ಹಕ್ಕಿ. ಈಗ ರಾಣೆಬೆನ್ನೂರಲ್ಲಿ ಇಲ್ಲ. ಕರ್ನಾಟಕದಲ್ಲಿ ಬಳ್ಳಾರಿಯ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು. ಇಡೀ ದೇಶದಲ್ಲಿ ನೂರೈವತ್ತು ಕೂಡ ಇಲ್ಲ. ಅದು ಹೋದದ್ದಕ್ಕೆ ನೀಲಗಿರಿ ಒಂದೇ ಕಾರಣ ಅಂತ ನಾನು ಹೇಳಲ್ಲ. ಬೇಟೆ ಇದೆ, ನಾಯಿ ಇದೆ, ನೀರಾವರಿ ಇದೆ, ವಿದ್ಯುತ್ ತಂತಿ ಇದೆ. ಆದರೆ ಬಯಲನ್ನು ತೋಪು ಮಾಡಿಟ್ಟ ಮೇಲೆ ಅದು ವಾಪಸ್ ಬರೋದಾದರೂ ಎಲ್ಲಿಗೆ?

ಇದನ್ನು ನಮ್ಮ ಹಳ್ಳಿಯ ಜನ ಮೂವತ್ತೆಂಟು, ನಲವತ್ತು ವರ್ಷದ ಹಿಂದೆಯೇ ಹೇಳಿದ್ದರು. 1984ರಲ್ಲಿ ಸರ್ಕಾರ, ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಅಂತ ಕಂಪನಿ ಕಟ್ಟಿದವು. ಹಳ್ಳಿಯವರ ದನ ಮೇಯುತ್ತಿದ್ದ ಸಾವಿರಾರು ಹೆಕ್ಟೇರ್ ಭೂಮಿಗೆ "ಸಿ ಮತ್ತು ಡಿ ದರ್ಜೆ" ಅಂತ ಹೆಸರಿಟ್ಟು ನೀಲಗಿರಿ ನೆಡುವ ಯೋಜನೆ. ನೋಡಿ, ಅಲ್ಲೂ ಮೊದಲು ಬಂದದ್ದು ಹೆಸರು, ಆಮೇಲೆ ಗಿಡ. 1987ರ ನವೆಂಬರ್ 14ರಂದು ಹಾನಗಲ್ ಸೀಮೆಯ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡ ಹಚ್ಚಿದರು. ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ. ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಮುಂದೆ ನಿಂತಿತ್ತು. ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ನಮ್ಮ ಶಿವರಾಮ ಕಾರಂತರೂ ಇದ್ದರು. 1991ರಲ್ಲಿ ಆ ಕಂಪನಿ ಬಾಗಿಲು ಮುಚ್ಚಿತು. ಗಿಡ ಕಿತ್ತದ್ದೂ ಪರಿಸರ ಚಳವಳಿಯೇ ಅಂತ ಅರ್ಥ ಮಾಡಿಕೊಂಡ ನಾಡು ಇದು. ನಾವು ಮರೆತಿದ್ದೀವಿ ಅಷ್ಟೆ.

ಈಗ ವಾದಕ್ಕೆ ಬರುವವರ ಸರದಿ. ನನಗೆ ಬಂದ ಉತ್ತರಗಳಲ್ಲಿ ಮೂರು ಮುಖ್ಯವಾದವು.

ಒಂದು: "ಮರ ಇಂಗಾಲ ಹೀರುತ್ತೆ, ಹುಲ್ಲೇನು ಮಾಡುತ್ತೆ?" ಹುಲ್ಲೂ ಹೀರುತ್ತೆ ಸ್ವಾಮಿ. ಆದರೆ ನೆಲದ ಮೇಲೆ ತೋರಿಸಿಕೊಳ್ಳಲ್ಲ. ಅದರ ಇಂಗಾಲದ ಬಹುಪಾಲು ಬೇರು, ಮಣ್ಣಿನಲ್ಲಿ ಇರುತ್ತೆ. ಮೇಲೆ ಬೆಂಕಿ ಬಿದ್ದರೂ, ದನ ಮೇಯ್ದರೂ ಕೆಳಗಿನದು ಭದ್ರ. ಅಲ್ಲಿ ಗುಂಡಿ ತೋಡಿದರೆ ಭದ್ರವಾಗಿದ್ದ ಡಿಪಾಸಿಟ್ ಮುರಿದು ಲಾಟರಿ ಕೊಂಡ ಹಾಗೆ. 2019ರಲ್ಲಿ "ಸೈನ್ಸ್" ಪತ್ರಿಕೆಯಲ್ಲಿ, ಜಗತ್ತಿನಲ್ಲಿ ಇನ್ನೂ 90 ಕೋಟಿ ಹೆಕ್ಟೇರ್ ಮರ ಬೆಳೆಸಬಹುದು ಅನ್ನೋ ಪ್ರಬಂಧ ಬಂದು ದೊಡ್ಡ ಸುದ್ದಿಯಾಯ್ತು. ಅದೇ ವರ್ಷ ಅದೇ ಪತ್ರಿಕೆಯಲ್ಲಿ ಬೇರೆ ವಿಜ್ಞಾನಿಗಳು ಉತ್ತರ ಬರೆದು, ಆ ಇಂಗಾಲದ ಲೆಕ್ಕ ಸುಮಾರು ಐದು ಪಟ್ಟು ಉಬ್ಬಿಸಿದ್ದು, ಹುಲ್ಲುಗಾವಲುಗಳನ್ನೂ ಗಿಡ ನೆಡುವ ಜಾಗ ಅಂತ ಸೇರಿಸಿಕೊಂಡದ್ದು ತಪ್ಪು ಅಂದರು. ಮೊದಲನೆಯದು ಎಲ್ಲ ಪೇಪರಿನ ಮುಖಪುಟಕ್ಕೆ ಬಂತು. ಎರಡನೆಯದು ನಿಮಗೆ ಯಾರಾದರೂ ಫಾರ್ವರ್ಡ್ ಮಾಡಿದ್ದರಾ?

ಎರಡು: "ಹುಲ್ಲುಗಾವಲು ಅಂದ್ರೆ ಹಾಳಾದ ಕಾಡು ತಾನೇ? ಮರ ಕಡಿದ ಮೇಲೆ ಉಳಿದದ್ದು." ಕೆಲವು ಕಡೆ ನಿಜ. ಎಲ್ಲ ಕಡೆ ಅಲ್ಲ. ನಮ್ಮ ಉಪಖಂಡದಲ್ಲಿ ಬಿಸಿಲುನಾಡಿನ ಹುಲ್ಲುಗಳು ಹರಡಿದ್ದು ಎಪ್ಪತ್ತು, ಎಂಬತ್ತು ಲಕ್ಷ ವರ್ಷದ ಹಿಂದೆ, ಕೊಡಲಿ ಹಿಡಿಯುವ ಮನುಷ್ಯನೇ ಹುಟ್ಟುವ ಮೊದಲು. ಸುಮ್ಮನೆ ಯೋಚಿಸಿ. ನೆಲದ ಬಣ್ಣದ ಮೊಟ್ಟೆ ಇಡುವ ಟಿಟ್ಟಿಭ, ಹಾರುತ್ತಲೇ ಹಾಡುವ ನೆಲಗುಬ್ಬಿ, ನಾಗಾಲೋಟದ ಕೃಷ್ಣಮೃಗ, ಇವೆಲ್ಲ ನಿನ್ನೆ ಮೊನ್ನೆ ಮರ ಕಡಿದ ಮೇಲೆ ಹೀಗೆ ರೂಪುಗೊಂಡವಾ?

ಮೂರು: "ನೀನು ಹಕ್ಕಿ ಫೋಟೋ ತೆಗೆಯೋನು, ನಿಂಗೆ ಹಕ್ಕಿ ಮುಖ್ಯ. ಜನಕ್ಕೆ ನೆರಳು, ನೀರು ಮುಖ್ಯ." ಜನಕ್ಕೆ ಅಂತೀರಲ್ಲ, ಯಾವ ಜನಕ್ಕೆ? ಕುರಿಗಾಹಿಗೆ, ದನ ಕಾಯುವ ತಾತನಿಗೆ ಬೇಕಾದದ್ದು ಹುಲ್ಲು. ನೆರಳು ಬಿದ್ದರೆ ಹುಲ್ಲು ಸಾಯುತ್ತೆ, ಅದು ಬಿಸಿಲಿನ ಕೂಸು. ನೀರಿನ ಮಾತೋ, ನೀಲಗಿರಿ ಏನು ಮಾಡುತ್ತೆ ಅಂತ ಕೋಲಾರದವರನ್ನು ಕೇಳಿ. 1790ರ ಸುಮಾರಿಗೆ ನಂದಿ ಬೆಟ್ಟಕ್ಕೆ ಬಂದ ಮರ ಅದು. ಹೊಸದಾಗಿ ನೆಡಬೇಡಿ ಅಂತ ಸರ್ಕಾರ ಹೇಳಿದ್ದು 2017ರಲ್ಲಿ.

ಇದು ಬರೀ ಜೂನ್ 5ರ ಒಂದು ದಿನದ ಹುಡುಗಾಟ ಆಗಿದ್ದರೆ ಇಷ್ಟು ಉದ್ದ ಬರೀತಿರಲಿಲ್ಲ. 2023ರಲ್ಲಿ ಕೇಂದ್ರ ಸರ್ಕಾರ ಗ್ರೀನ್ ಕ್ರೆಡಿಟ್ ಅನ್ನೋ ಯೋಜನೆ ತಂತು. ಗಿಡ ನೆಟ್ಟ ಕಂಪನಿಗೆ ಕ್ರೆಡಿಟ್ಟು. 2024ರ ಫೆಬ್ರವರಿಯಲ್ಲಿ ಬಂದ ವಿಧಾನದಲ್ಲಿ ಎಲ್ಲಿ ನೆಡಬೇಕು ಅಂತ ಪಟ್ಟಿ ಇತ್ತು. ವಿರಳ ಕಾಡು, ಕುರುಚಲು ಭೂಮಿ, ವೇಸ್ಟ್‌ಲ್ಯಾಂಡ್. ಹೆಕ್ಟೇರಿಗೆ ಕನಿಷ್ಠ 1,100 ಗಿಡ. ಆಮೇಲೆ ಲೆಕ್ಕ ಹಾಕುವ ರೀತಿ ತಿದ್ದಿದರು, ಸರಿ. ಆದರೆ ಬೇರಿನಲ್ಲೇ ಇರುವ "ಬಯಲು ಎಂದರೆ ಖಾಲಿ" ಅನ್ನೋ ಎಣಿಕೆಯನ್ನು ತಿದ್ದೋರು ಯಾರು?

ಇನ್ನು ನಮ್ಮವರೇ ಆದ ಪ್ರಕೃತಿಪ್ರೇಮಿಗಳು. ನಿಮ್ಮನ್ನೂ ಬಿಡಲ್ಲ :-) ಭಾನುವಾರ ಬೆಳಗ್ಗೆ ಜೀಪು, ಎಸ್‌ಯುವಿ ತಂದು ಹುಲ್ಲಿನ ಮೇಲೆ ಅಡ್ಡಾದಿಡ್ಡಿ ಓಡಿಸಿ, ಕಿಟಕಿಯಿಂದ ಲೆನ್ಸ್ ಹೊರಗಿಟ್ಟು ಕ್ಲಿಕ್ಕಿಸುವವರು ನೀವೇ ತಾನೇ? ಚಕ್ರದಡಿ ಟಿಟ್ಟಿಭದ ಮೊಟ್ಟೆ ಒಡೆದರೆ ಶಬ್ದ ಕೂಡ ಕೇಳಲ್ಲ. ಮದುವೆಗೆ ಮುಂಚಿನ ಫೋಟೋ ಶೂಟಿಗೆ ಡ್ರೋನು, ಬಣ್ಣದ ಹೊಗೆ. ಬಂಡೀಪುರದಲ್ಲಿ ರಸ್ತೆ ಬಿಟ್ಟು ಗಾಡಿ ಇಳಿಸ್ತೀರಾ? ಇಲ್ಲ, ಅದು ಕಾಡು. ಇಲ್ಲಿ ಮಾತ್ರ ಇಳಿಸ್ತೀರಿ. ಯಾಕೆ? ನಿಮಗೂ ಇದು ಖಾಲಿ ಜಾಗ. ಗಿಡ ನೆಡುವವನೂ ನೀವೂ ಓದಿದ್ದು ಒಂದೇ ಪಾಠ.

ಒಳ್ಳೆಯ ಸುದ್ದಿ ಇಲ್ಲ ಅಂತಲ್ಲ. ಮಧುಗಿರಿ ತಾಲ್ಲೂಕಿನ ಮೈದೇನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಮೀಸಲು 2007ರಲ್ಲೇ ಆಯ್ತು. ಎಂಟುನೂರು ಎಕರೆಯೂ ಇಲ್ಲದ ಚಿಕ್ಕ ಬಯಲು, ಹೋಗಿ ನೋಡಿ ಬನ್ನಿ. ಕಡೂರು ಕಡೆಯ ಬಾಸೂರು ಕಾವಲು 2011ರಲ್ಲಿ ಆಯ್ತು. ಹೆಸರಘಟ್ಟದ್ದೇ ದೊಡ್ಡ ಕಥೆ. ಫಿಲ್ಮ್ ಸಿಟಿ ಮಾಡ್ತೀವಿ ಅನ್ನೋ ಮಾತು ಮತ್ತೆ ಮತ್ತೆ ಬಂತು. 5,010 ಎಕರೆಯನ್ನು ಸಂರಕ್ಷಣಾ ಮೀಸಲು ಮಾಡುವ ಪ್ರಸ್ತಾವವನ್ನು 2021ರ ಜನವರಿಯಲ್ಲಿ ರಾಜ್ಯ ವನ್ಯಜೀವಿ ಮಂಡಳಿ ತಳ್ಳಿಹಾಕಿತು. ಜನ ಬಿಡಲಿಲ್ಲ, ವಿಷಯ ಹೈಕೋರ್ಟಿಗೆ ಹೋಯ್ತು. 2024ರ ಅಕ್ಟೋಬರಿನಲ್ಲಿ ಅದೇ ಮಂಡಳಿ 5,678 ಎಕರೆಗೆ ಒಪ್ಪಿಗೆ ಕೊಟ್ಟಿತು. ಕೂತು ಬರೆದವರು, ಅರ್ಜಿ ಹಾಕಿದವರು, ಹಕ್ಕಿ ಎಣಿಸಿ ಪಟ್ಟಿ ಕೊಟ್ಟವರು ಗೆದ್ದ ಜಗಳ ಇದು. ಪಟ್ಟಿ ಇದ್ದದ್ದರಿಂದಲೇ "ಏನೂ ಇಲ್ಲ" ಅನ್ನೋಕೆ ಆಗಲಿಲ್ಲ.

ನನ್ನ ಕೋರಿಕೆ ಇರೋದು ಅಲ್ಲೇ. ಹೆಸರಘಟ್ಟಕ್ಕೆ ಬೆಂಗಳೂರಿನ ಕ್ಯಾಮರಾಗಳಿದ್ದವು, ಇಂಗ್ಲಿಷ್ ಪತ್ರಿಕೆಗಳಿದ್ದವು. ನಿಮ್ಮೂರಿನ ಗೋಮಾಳಕ್ಕೆ ಯಾರಿದ್ದಾರೆ? ಗದಗದಿಂದ, ಹಿರಿಯೂರಿನಿಂದ, ಚನ್ನರಾಯಪಟ್ಟಣದಿಂದ, ಸಿಂಧನೂರಿನಿಂದ ಬಂದು ಇಲ್ಲಿ ಕೀಬೋರ್ಡ್ ಕುಟ್ಟುತ್ತಾ ಕನ್ನಡದಲ್ಲಿ ಬ್ಲಾಗಿಸುವ ನೀವಿದ್ದೀರಿ, ಅಷ್ಟೆ. ಪಶ್ಚಿಮ ಘಟ್ಟದ ಬಗ್ಗೆ, ಮಲೆನಾಡಿನ ಮಳೆ ಬಗ್ಗೆ ನಾವೆಲ್ಲ ಸಾಕಷ್ಟು ಬರೆದಿದ್ದೀವಿ. ಬಯಲುಸೀಮೆಯ ಬಯಲಿನ ಬಗ್ಗೆ ಬರೆಯೋಕೆ ಮಾತ್ರ ನಮಗೆ ಏನೂ ತೋಚಲ್ಲ. ನಮ್ಮ ರಾಜ್ಯಪಕ್ಷಿ ನೀಲಕಂಠ ಕೂರೋದು ದಟ್ಟ ಕಾಡಿನಲ್ಲಲ್ಲ ಗೆಳೆಯರೇ, ಬಯಲಿನ ತಂತಿಯ ಮೇಲೆ!

ಈ ಬೇಸಿಗೆಯಲ್ಲಿ ಊರಿಗೆ ಹೋದಾಗ ಒಂದು ಬೆಳಗ್ಗೆ ಊರಾಚೆ ಬಯಲಿಗೆ ಹೋಗಿ. ನೀರಿನ ಬಾಟಲಿ, ಟೋಪಿ ಇರಲಿ. ಗಾಡಿ ರಸ್ತೆಯಲ್ಲೇ ಬಿಡಿ. ಕಾಲಿಡುವಾಗ ನೆಲ ನೋಡಿಕೊಂಡು ಕಾಲಿಡಿ. ಟಿಟ್ಟಿಭ ತಲೆ ಮೇಲೆ ಕೂಗಾಡಿದರೆ ಗೂಡು ಹತ್ತಿರ ಇದೆ ಅಂತ ಅರ್ಥ, ಹುಡುಕಬೇಡಿ, ಹಿಂದಕ್ಕೆ ಬನ್ನಿ. ಕುರಿ ಕಾಯುವವರು ಸಿಕ್ಕರೆ ಯಾವ ಹಕ್ಕಿಗೆ ನಿಮ್ಮ ಕಡೆ ಏನಂತಾರೆ ಕೇಳಿ, ಯಾವ ಹುಲ್ಲಿಗೆ ಏನು ಹೆಸರು ಕೇಳಿ. ಎಲ್ಲ ಬರೆದುಕೊಂಡು ಬಂದು ಬ್ಲಾಗಿಗೆ ಹಾಕಿ, ದಿನಾಂಕ, ಊರಿನ ಹೆಸರಿನ ಸಮೇತ. ನಾಳೆ ಯಾರಾದರೂ ನಿಮ್ಮೂರ ಬಯಲಿಗೆ ಗುದ್ದಲಿ ಹೊತ್ತು "ಇಲ್ಲಿ ಏನೂ ಇಲ್ಲ" ಅಂತ ಬಂದಾಗ ತೋರಿಸೋಕೆ ಕನ್ನಡದಲ್ಲಿ ಒಂದು ಪಟ್ಟಿಯಾದರೂ ಇರಲಿ.

ನನ್ನ ಮಾತು ಅತಿಯಾಯ್ತು ಅನ್ನಿಸಿದವರು ಕೆಳಗೆ ಬೈಯಬಹುದು. ಆದರೆ ಬೈಯುವ ಮೊದಲು ಒಂದು ಸಲ ಬಯಲಿಗೆ ಹೋಗಿ ಬಂದು ಬೈಯಿರಿ. ಏನಂತೀರಿ?